ನಿಮ್ಮೂರಿನ ರೈಲು ಮಾರ್ಗಕ್ಕೆ ಎಷ್ಟು ದುಡ್ಡು ಬಂತು? ಪಿಂಕ್ ಬುಕ್ ನೋಡುವುದು ಹೀಗೆ

ಬಜೆಟ್ ಬಂದಾಗ ಪತ್ರಿಕೆಗಳಲ್ಲಿ ಒಂದು ದೊಡ್ಡ ಅಂಕಿ ಕಾಣುತ್ತದೆ. 2025-26ರಲ್ಲಿ ಕರ್ನಾಟಕದ ರೈಲ್ವೆಗೆ 7,564 ಕೋಟಿ ರೂಪಾಯಿ, ಅದರ ಹಿಂದಿನ ವರ್ಷ 7,559 ಕೋಟಿ. ಸರಿ, ಆದರೆ ನಮ್ಮೂರಿನ ಮಾರ್ಗಕ್ಕೆ ಎಷ್ಟು? 2017ರಿಂದ ರೈಲ್ವೆಗೆ ಪ್ರತ್ಯೇಕ ಬಜೆಟ್ ಇಲ್ಲ. ಹಾಗಾಗಿ ಬಜೆಟ್ ಭಾಷಣ ಕೇಳಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಕಾಮಗಾರಿವಾರು ಲೆಕ್ಕ ಇರುವುದು ಪಿಂಕ್ ಬುಕ್‌ನಲ್ಲಿ, ಅಂದರೆ ಯಾವ ಕೆಲಸಕ್ಕೆ ಎಷ್ಟು ಹಣ ಅಂತ ರೈಲ್ವೆ ವರ್ಷವರ್ಷ ಪಟ್ಟಿ ಮಾಡುವ ಪುಸ್ತಕದಲ್ಲಿ. ಅದನ್ನು ಯಾರು ಬೇಕಾದರೂ ನೋಡಬಹುದು.

ಮೊದಲು ನಿಮ್ಮ ಮಾರ್ಗ ಯಾವ ವಲಯಕ್ಕೆ ಸೇರಿದೆ ಅಂತ ತಿಳಿದುಕೊಳ್ಳಿ. ರಾಜ್ಯದ ಬಹುಪಾಲು ಹುಬ್ಬಳ್ಳಿ ಕೇಂದ್ರವಾಗಿರುವ ನೈರುತ್ಯ ರೈಲ್ವೆಯಲ್ಲಿದೆ. ಆದರೆ ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೂ ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೂ ಸೇರಿವೆ. ಬೀದರ್ ಇರುವುದು ದಕ್ಷಿಣ ಮಧ್ಯ ರೈಲ್ವೆಯಲ್ಲಿ. ಬೇರೆ ವಲಯದ ಪುಸ್ತಕದಲ್ಲಿ ಹುಡುಕಿದರೆ ಸುಮ್ನೆ ಹೊತ್ತು ಹಾಳು.

ಆಮೇಲೆ ಭಾರತೀಯ ರೈಲ್ವೆಯ ಜಾಲತಾಣಕ್ಕೆ ಹೋಗಿ. ರೈಲ್ವೆ ಮಂಡಳಿಯ ಫೈನಾನ್ಸ್ (ಬಜೆಟ್) ವಿಭಾಗದಲ್ಲಿ ವರ್ಷವಾರು, ವಲಯವಾರು ಪಿಂಕ್ ಬುಕ್‌ಗಳ ಪಿಡಿಎಫ್ ಇರುತ್ತವೆ. ನಿಮ್ಮ ವಲಯದ್ದನ್ನು ಇಳಿಸಿಕೊಂಡು ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹುಡುಕಿ. ಸಿಗದಿದ್ದರೆ ಹಳೆಯ ಹೆಸರು ಹಾಕಿ ನೋಡಿ: ಶಿಮೊಗ, ಬಿಜಾಪುರ್, ಬೆಳಗಾಂ. ಹೊಸ ಮಾರ್ಗ, ಜೋಡಿ ಹಳಿ, ವಿದ್ಯುದೀಕರಣ, ಪ್ರಯಾಣಿಕರ ಸೌಲಭ್ಯ, ಹೀಗೆ ಒಂದೊಂದಕ್ಕೂ ಬೇರೆ ತಲೆಬರಹ ಇರುತ್ತದೆ.

ಸಾಲು ಸಿಕ್ಕ ಮೇಲೆ ನಿಧಾನವಾಗಿ ಓದಿ. ಇಲ್ಲಿನ ಮೊತ್ತಗಳೆಲ್ಲ ಸಾವಿರ ರೂಪಾಯಿಗಳಲ್ಲಿವೆ. 10,000 ಅಂತ ಇದ್ದರೆ ಒಂದು ಕೋಟಿ, 10,00,000 ಅಂತ ಇದ್ದರೆ ನೂರು ಕೋಟಿ. ಬರೀ 1 ಅಂತ ಇದ್ದರೆ? ಒಂದು ಸಾವಿರ ರೂಪಾಯಿ! ಯೋಜನೆ ಪಟ್ಟಿಯಿಂದ ಬಿದ್ದುಹೋಗದಿರಲಿ ಅಂತ ಇಡುವ ದುಡ್ಡು ಅದು. ಅಷ್ಟರಲ್ಲಿ ಕೆಲಸ ಏನೂ ಆಗುವುದಿಲ್ಲ.

ಮುಖ್ಯವಾಗಿ ಮೂರು ಕಾಲಂ ನೋಡಿ: ಒಟ್ಟು ಅಂದಾಜು ವೆಚ್ಚ, ಹಿಂದಿನ ಮಾರ್ಚ್ ಕೊನೆಯವರೆಗಿನ ಖರ್ಚು, ಈ ವರ್ಷ ಇಟ್ಟಿರುವ ಹಣ. ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ ಕೆಲಸ ಇದರ ಮುಂದಿನದು. ಬೆನ್ನುಬೆನ್ನಿನ ಎರಡು ವರ್ಷದ ಪುಸ್ತಕ ತೆರೆದಿಟ್ಟುಕೊಳ್ಳಿ. ಹೊಸದರ ‘ಮಾರ್ಚ್‌ವರೆಗಿನ ಖರ್ಚಿ’ನಿಂದ ಹಳೆಯದರದ್ದನ್ನು ಕಳೆಯಿರಿ. ನಡುವಿನ ವರ್ಷದಲ್ಲಿ ಹೆಚ್ಚುಕಡಿಮೆ ಎಷ್ಟು ಖರ್ಚಾಯಿತು ಅಂತ ಸಿಗುತ್ತದೆ. ಹಳೆಯ ಪುಸ್ತಕದಲ್ಲಿ ನೂರು ಕೋಟಿ ಇಟ್ಟು, ಖರ್ಚು ಇಪ್ಪತ್ತೇ ಕೋಟಿ ಆಗಿದ್ದರೆ, ಅಲ್ಲಿ ಕೊರತೆ ಹಣದ್ದಲ್ಲ. ಬೇರೇನೋ ತಡೆ ಇದೆ.

ಆ ತಡೆ ಹೆಚ್ಚಾಗಿ ಭೂಮಿಯದ್ದು. ಕರ್ನಾಟಕದ ಅನೇಕ ಮಾರ್ಗಗಳಲ್ಲಿ ರಾಜ್ಯ ಸರ್ಕಾರ ಅರ್ಧ ವೆಚ್ಚ ಕೊಡಬೇಕು, ಜಮೀನನ್ನೂ ಉಚಿತವಾಗಿ ಕೊಡಬೇಕು. ಬಾಗಲಕೋಟೆ–ಕುಡಚಿ ಮಾರ್ಗ ಅಂಥದ್ದು. 142 ಕಿ.ಮೀ. ಉದ್ದದ ಈ ಯೋಜನೆ ಮಂಜೂರಾದದ್ದು 2010-11ರಲ್ಲಿ. ಬಾಗಲಕೋಟೆ ಕಡೆಯಿಂದ ಖಜ್ಜಿಡೋಣಿವರೆಗೆ ಹಳಿ ಮೊದಲೇ ಮುಗಿಯಿತು, ಮುಂದಿನ ಭಾಗ ವರ್ಷಗಟ್ಟಲೆ ಎಳೆಯಿತು. ಇಂಥ ಮಾರ್ಗಗಳಿಗೆ ಪಿಂಕ್ ಬುಕ್ ಒಂದೇ ಸಾಲದು. ರಾಜ್ಯ ಬಜೆಟ್‌ನಲ್ಲಿ ಮೂಲಸೌಲಭ್ಯ ಅಭಿವೃದ್ಧಿ ಇಲಾಖೆಯ ಪುಟಗಳನ್ನೂ ನೋಡಬೇಕು. ದಿಲ್ಲಿ ಬೆಂಗಳೂರಿನ ಕಡೆ, ಬೆಂಗಳೂರು ದಿಲ್ಲಿಯ ಕಡೆ ಬೆರಳು ತೋರಿಸುವಾಗ ಈ ಎರಡೂ ಲೆಕ್ಕ ನಿಮ್ಮ ಕೈಯಲ್ಲಿರಲಿ.

ಪಿಂಕ್ ಬುಕ್‌ನಲ್ಲಿ ಸಿಗುವುದು ಕಾಮಗಾರಿಗಳ ಲೆಕ್ಕ ಮಾತ್ರ. ರೈಲು ಓಡಿಸುವ ಖರ್ಚು ಬೇರೆ. ಪ್ರಯಾಣ ವೆಚ್ಚದಲ್ಲಿ ಸರಾಸರಿ 57% ಮಾತ್ರ ವಸೂಲಾಗುತ್ತದೆ ಅಂತ ಟಿಕೆಟ್ ಮೇಲೆ ಬರೆದಿರುವುದನ್ನು ನೋಡಿರುತ್ತೀರಿ, ಅಲ್ವಾ? ಉಳಿದದ್ದನ್ನು ಬಹುಮಟ್ಟಿಗೆ ಸರಕು ಸಾಗಣೆಯ ಗಳಿಕೆ ತುಂಬುತ್ತದೆ.

ಲೆಕ್ಕ ನೋಡಿಯೂ ಅನುಮಾನ ಉಳಿದರೆ ಸಂಸತ್ತಿನ ಜಾಲತಾಣದಲ್ಲಿ ನಿಮ್ಮ ಮಾರ್ಗದ ಹೆಸರು ಹುಡುಕಿ. ಸಂಸದರು ಕೇಳಿದ ಪ್ರಶ್ನೆಗಳಿಗೆ ರೈಲ್ವೆ ಸಚಿವರು ಕೊಟ್ಟ ಲಿಖಿತ ಉತ್ತರಗಳು ಅಲ್ಲಿವೆ. ಎಷ್ಟು ಜಮೀನು ಬೇಕು, ಎಷ್ಟು ಸಿಕ್ಕಿದೆ ಅನ್ನುವುದೂ ಎಷ್ಟೋ ಉತ್ತರಗಳಲ್ಲಿ ಇರುತ್ತದೆ. ಯಾರೂ ಕೇಳಿಲ್ಲದಿದ್ದರೆ ನಿಮ್ಮ ಸಂಸದರಿಗೆ ಪತ್ರ ಬರೆದು ಕೇಳಿಸಿ.

ಅದೂ ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು. ರೈಲ್ವೆಗೆ ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲೇ ಹಾಕಬಹುದು. ಜಮೀನಿನ ವಿಷಯವನ್ನು ರಾಜ್ಯದ ಇಲಾಖೆಗೆ ಬೇರೆಯಾಗಿ ಕೇಳಿ. ಕರ್ನಾಟಕದ ನಿಯಮದಂತೆ ಆ ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹಾಗಾಗಿ ಪೀಠಿಕೆ ಬಿಟ್ಟು ಮಾರ್ಗದ ಹೆಸರು, ಬೇಕಾದ ಎಕರೆ, ಹಸ್ತಾಂತರವಾದ ಎಕರೆ, ರಾಜ್ಯ ಕಟ್ಟಿದ ಪಾಲು, ಇಷ್ಟನ್ನೇ ಕೇಳಿ.