ಅಣ್ಣಾ ಅನ್ನಬೇಕಾ, ಸ್ವಾಮೀ ಅನ್ನಬೇಕಾ?

ನಾನು ಪದವಿ ಕಾಲೇಜಿನಲ್ಲಿ ಇತಿಹಾಸದ ಮೇಡಂ. ಬಿ.ಎ. ಮಕ್ಕಳಿಗೆ ಅಮೆರಿಕದ ಇತಿಹಾಸವೂ ಒಂದು ಪೇಪರ್. ಮೊದಲ ಎರಡು ವರ್ಷ 1929ರ ಆರ್ಥಿಕ ಕುಸಿತವನ್ನು ನೋಟ್ಸ್ ಬರೆಸಿ ಮುಗಿಸಿದೆ. ಷೇರುಪೇಟೆ ಬಿತ್ತು, ಬ್ಯಾಂಕುಗಳು ಮುಳುಗಿದವು, 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಅಷ್ಟು ಜನರ ಸಂಕಟ ನನ್ನ ಬಾಯಲ್ಲಿ ಬರೀ ಪಟ್ಟಿಯಾಗಿಬಿಟ್ಟಿತ್ತು. ಅದು ನನ್ನನ್ನು ಬಹಳ ದಿನ ಕಾಡಿತು.

ಮೂರನೇ ವರ್ಷ ಒಂದು ಹಾಡು ಹಿಡಿದುಕೊಂಡು ಹೋದೆ. 1932ರ 'ಬ್ರದರ್, ಕ್ಯಾನ್ ಯೂ ಸ್ಪೇರ್ ಎ ಡೈಮ್?', ಬಿಂಗ್ ಕ್ರಾಸ್ಬಿ ಹಾಡಿದ್ದು. ಫೋನಿಗೆ ಸಣ್ಣ ಸ್ಪೀಕರ್ ಜೋಡಿಸಿದೆ. ಫ್ಯಾನಿನ ಸದ್ದಿಗೆ ಏನೂ ಕೇಳಿಸಲಿಲ್ಲ. ಫ್ಯಾನ್ ನಿಲ್ಲಿಸಿ ಮತ್ತೆ ಹಾಕಿದೆ. ಆಗ ನಾನು ಮಾಡಿದ ತಪ್ಪು ಅಂದರೆ, ಹಾಡು ಹಾಕುವ ಮೊದಲೇ ಇಪ್ಪತ್ತು ನಿಮಿಷ ವಿವರಣೆ ಕೊಟ್ಟಿದ್ದು. ಅವರು ಹಾಡು ಕೇಳಲೇ ಇಲ್ಲ, ನಾನು ಹೇಳಿದ್ದು ಅದರಲ್ಲಿ ಇದೆಯಾ ಅಂತ ಹುಡುಕಿದರು ಅಷ್ಟೇ. ಈಗ ಏನೂ ಹೇಳದೆ ಎರಡು ಸಲ ಕೇಳಿಸುತ್ತೇನೆ. ಆಮೇಲೆ ಕನ್ನಡದಲ್ಲಿ ಅರ್ಥ ಬಿಡಿಸುತ್ತೇನೆ.

ಹಾಡುವವನು ಕೈಚಾಚಿ ನಿಂತಿದ್ದಾನೆ. ರೈಲು ಹಳಿ ಹಾಕಿದವನು ನಾನು, ಮುಗಿಲೆತ್ತರದ ಕಟ್ಟಡ ಕಟ್ಟಿದವನು ನಾನು, ಖಾಕಿ ತೊಟ್ಟು ಯುದ್ಧಕ್ಕೆ ಹೋದವನೂ ನಾನೇ ಅನ್ನುತ್ತಾನೆ. ಮತ್ತೆ ನಾನ್ಯಾಕೆ ಬ್ರೆಡ್ಡಿಗಾಗಿ ಸಾಲಿನಲ್ಲಿ ನಿಂತಿದ್ದೇನೆ? ಕೊನೆಗೆ ಕೇಳುವುದು ಒಂದು ಡೈಮ್, ಅಂದರೆ 10 ಸೆಂಟ್. ಆಗ ಒಂದು ಕಪ್ ಕಾಫಿಗೆ 5 ಸೆಂಟ್ ಇತ್ತು. ಹಳಿ ಹಾಕಿದ ಕೈ ಈಗ ಎರಡು ಕಪ್ ಕಾಫಿಯ ದುಡ್ಡಿಗೆ ಚಾಚಿದೆ.

ಅಲ್ಲಿಂದ ಒಂದೇ ಒಂದು ಕೆಲಸ ಕೊಡುತ್ತೇನೆ. ಈ 'ಬ್ರದರ್'ಗೆ ಕನ್ನಡದಲ್ಲಿ ಏನಂತೀರಿ? ಇಷ್ಟು ಸಣ್ಣ ಪ್ರಶ್ನೆಗೆ ಇಡೀ ಪೀರಿಯಡ್ ಸಾಲದು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬೇಡುವವರು ಏನಂತಾರೆ? ಅಮ್ಮಾ ತಾಯಿ, ಸ್ವಾಮೀ, ಯಜಮಾನ್ರೇ. ಒಬ್ಬ ಹುಡುಗ 'ಸ್ವಾಮೀ' ಅಂತ ಹಾಕಿ ಓದಿದ. ಹಿಂದಿನ ಬೆಂಚಿನ ಹುಡುಗಿ ತಕ್ಷಣ ಎದ್ದು ನಿಂತಳು. "ಸ್ವಾಮೀ ಅಂದ್ರೆ ಕಾಲಿಗೆ ಬಿದ್ದ ಹಾಗಾಯ್ತು ಮೇಡಂ. ಇವನು ಕಾಲಿಗೆ ಬೀಳ್ತಿಲ್ಲ, ಲೆಕ್ಕ ಕೇಳ್ತಿದಾನೆ."

ಎರಡು ವರ್ಷದ ನನ್ನ ನೋಟ್ಸಿನಲ್ಲಿ ಇಲ್ಲದ ಮಾತು ಅದು. ಎಲ್ಲರೂ 'ಅಣ್ಣಾ' ಅಂತ ಒಪ್ಪಿಕೊಂಡರು. ಆದರೆ ಹಾಡಿನ ಕೊನೆಯಲ್ಲಿ ಕರೆಯುವ ಪದ ಬದಲಾಗುತ್ತದೆ, ಗಮನಿಸಿ. ನೆನಪಿಲ್ವಾ, ನನ್ನನ್ನು ಆಲ್ ಅಂತ ಕರೀತಿದ್ದರು, ನಾನು ನಿನ್ನ ಗೆಳೆಯ ಅಲ್ವಾ ಅಂದು, 'ಬ್ರದರ್' ಬಿಟ್ಟು 'ಬಡಿ' (buddy, ಅಂದರೆ ದೋಸ್ತ್) ಅನ್ನುತ್ತಾನೆ. ಅದಕ್ಕೆ ಆ ಹುಡುಗಿ 'ಲೋ' ಅಂತ ಹಾಕಿದಳು. ಜೊತೆಯಲ್ಲಿ ದುಡಿದವನು, ಜೊತೆಯಲ್ಲಿ ಯುದ್ಧ ಮಾಡಿದವನು ಹಾಗೆ ತಾನೇ ಕರೆಯೋದು? ನನಗೆ ಇವತ್ತಿಗೂ ಅದೇ ಸರಿ ಅನಿಸುತ್ತದೆ.

ಇಷ್ಟಾದ ಮೇಲೆ ನಾನು ಹೇಳುವ ಸಂಗತಿಗಳಿಗೆ ಜಾಗ ಸಿಗುತ್ತದೆ. ಪದ ಬರೆದ ಯಿಪ್ ಹಾರ್ಬರ್ಗ್ ವಿದ್ಯುತ್ ಸಾಮಾನಿನ ವ್ಯಾಪಾರ ಮಾಡುತ್ತಿದ್ದವರು, 1929ರ ಕುಸಿತದಲ್ಲಿ ಎಲ್ಲ ಕಳೆದುಕೊಂಡರು. ರಾಗ ಹಾಕಿದ ಜೇ ಗಾರ್ನಿ ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ವಲಸೆ ಬಂದ ಯಹೂದಿ. ಚಿಕ್ಕಂದಿನಲ್ಲಿ ಕೇಳಿದ ಜೋಗುಳವೊಂದು ಈ ರಾಗದ ಹಿಂದೆ ಇದೆ. ಖಾಕಿಯ ಸಾಲಿಗೂ ಹಿನ್ನೆಲೆ ಇದೆ. ಅದೇ 1932ರ ಬೇಸಿಗೆಯಲ್ಲಿ ಮೊದಲ ಮಹಾಯುದ್ಧದ ಸಾವಿರಾರು ಸೈನಿಕರು, ಸರ್ಕಾರ 1945ಕ್ಕೆ ಕೊಡುತ್ತೇನೆ ಅಂದಿದ್ದ ಬೋನಸ್ಸನ್ನು ಈಗಲೇ ಕೊಡಿ ಅಂತ ವಾಷಿಂಗ್ಟನ್ನಿನಲ್ಲಿ ಗುಡಿಸಲು ಹಾಕಿಕೊಂಡು ಕೂತಿದ್ದರು. ಜುಲೈ 28ರಂದು ಸೇನೆಯೇ ಬಂದು ಅಶ್ರುವಾಯು ಹಾರಿಸಿ ಅವರನ್ನು ಓಡಿಸಿತು. ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಈ ಹಾಡು ಬಂತು. ಕೇಳಿದವರಿಗೆ ಯಾರ ಖಾಕಿ ಅಂತ ಬಿಡಿಸಿ ಹೇಳಬೇಕಿರಲಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಹಾಡು ಜನಪ್ರಿಯ ಆಯ್ತು ಅಂದರೆ ಎಲ್ಲರ ಮನಸ್ಸೂ ಅದೇ ಅಂತ ನಾನು ಮೊದಲು ಹೇಳಿಬಿಡುತ್ತಿದ್ದೆ. ಅದು ತಪ್ಪು. ನಮ್ಮ ಅಜ್ಜಿಯರ ಬೀಸುವ ಪದಕ್ಕೆ ತಾರೀಖೂ ಇಲ್ಲ, ಬೆಲೆಯೂ ಇಲ್ಲ. ಅಮೆರಿಕದ ಈ ಹಾಡುಗಳು ಹಾಗಲ್ಲ, ಮಾರಾಟಕ್ಕೆ ಅಂತಲೇ ಬರೆದವು, ಮನೆಯ ಪಿಯಾನೋ ಮೇಲೆ ನುಡಿಸಲು ಹಾಳೆಯಲ್ಲಿ ಅಚ್ಚಾಗಿ ಬರುತ್ತಿದ್ದವು. 1915ರಲ್ಲಿ ಭರ್ಜರಿಯಾಗಿ ಓಡಿದ ಒಂದು ಹಾಡಿನಲ್ಲಿ ತಾಯಿ, ನನ್ನ ಮಗನನ್ನು ಸೈನಿಕನಾಗಲಿ ಅಂತ ಸಾಕಲಿಲ್ಲ ಅನ್ನುತ್ತಾಳೆ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಆ ವರ್ಷ ಜನ ಹಾಡಿದ್ದು ಜಾರ್ಜ್ ಕೋಹನ್ ಬರೆದ 'ಓವರ್ ದೇರ್'. ಮಗ ಹೋಗುತ್ತಿದ್ದಾನೆ, ಹೆಮ್ಮೆಪಡಿ ಅನ್ನುತ್ತದೆ ಅದು. ಎರಡೇ ವರ್ಷದಲ್ಲಿ ತಾಯಂದಿರೆಲ್ಲ ಬದಲಾದರಾ? ಇಲ್ಲ. ಯಾವ ಮಾತನ್ನು ಬಾಯಿಬಿಟ್ಟು ಹಾಡಬಹುದು ಅನ್ನುವುದು ಬದಲಾಯಿತು. ಎರಡೂ ಹಾಡನ್ನು ಒಂದರ ಪಕ್ಕ ಒಂದು ಇಟ್ಟರೆ ಮಕ್ಕಳಿಗೇ ಇದು ಹೊಳೆಯುತ್ತದೆ.

ಕೊನೆಯ ವಾರಕ್ಕೆ ಒಂದು ಹಾಡು ಉಳಿಸಿಕೊಳ್ಳುತ್ತೇನೆ. 1939ರಲ್ಲಿ ಬಿಲ್ಲಿ ಹಾಲಿಡೇ ಹಾಡಿದ 'ಸ್ಟ್ರೇಂಜ್ ಫ್ರೂಟ್'. ಬಿಳಿಯರ ಗುಂಪು ಕರಿಯರನ್ನು ಹೊಡೆದು ಕೊಂದು ಮರಕ್ಕೆ ನೇತುಹಾಕಿದ ಫೋಟೋ ನೋಡಿ, ನ್ಯೂಯಾರ್ಕಿನ ಶಾಲಾ ಮೇಷ್ಟ್ರು ಏಬಲ್ ಮೀರೊಪೋಲ್ ಬರೆದದ್ದು. ಹಾಲಿಡೇ ಅವರ ರೆಕಾರ್ಡ್ ಕಂಪನಿ ಅದನ್ನು ಮುದ್ರಿಸಲು ಒಪ್ಪಲಿಲ್ಲ, ಕಮೊಡೋರ್ ಅನ್ನುವ ಸಣ್ಣ ಕಂಪನಿ ಮುಂದೆ ಬಂತು. ಯಾರು ಹಾಡಿದರು ಅನ್ನುವಷ್ಟೇ, ಯಾರು ಹಿಂದೆ ಸರಿದರು ಅನ್ನುವುದೂ ಇತಿಹಾಸ. ಕೆಫೆ ಸೊಸೈಟಿ ಅನ್ನುವ ಕ್ಲಬ್ಬಿನಲ್ಲಿ ಆಕೆ ಇದನ್ನು ಹಾಡುವಾಗ ಸಪ್ಲೈಯರ್‌ಗಳು ಕೆಲಸ ನಿಲ್ಲಿಸುತ್ತಿದ್ದರು. ದೀಪ ಆರಿಸಿ ಆಕೆಯ ಮುಖದ ಮೇಲೆ ಮಾತ್ರ ಬೆಳಕು ಬಿಡುತ್ತಿದ್ದರು. ಹಾಡು ಮುಗಿದ ಮೇಲೆ ಬೇರೆ ಹಾಡು ಇರುತ್ತಿರಲಿಲ್ಲ.

ನಾನೂ ಆ ದಿನ ಫ್ಯಾನ್ ನಿಲ್ಲಿಸುತ್ತೇನೆ. ಹಾಜರಿಯನ್ನು ಮೊದಲೇ ತೆಗೆದುಕೊಂಡಿರುತ್ತೇನೆ.