ಹೊಸ ಡಾಂಬರು ಬಳಿದ ಹಳೇ ಹರಿಗೋಲು

ಸೆಕೆಂಡ್‌ಹ್ಯಾಂಡ್ ಬೈಕ್ ಕೊಳ್ಳೋದಾದರೆ ಆರ್‌ಸಿ ನೋಡಬಹುದು, ಮೀಟರ್ ನೋಡಬಹುದು, ಗೊತ್ತಿರುವ ಮೆಕ್ಯಾನಿಕ್‌ನನ್ನು ಹಿಂದೆ ಕೂರಿಸಿಕೊಂಡು ಹೋಗಬಹುದು. ಹಳೇ ದೋಣಿಗೆ ಇದ್ಯಾವುದೂ ಇಲ್ಲ. ಎಷ್ಟು ವರ್ಷದ್ದು ಅಂದರೆ ಮಾರುವವನು ಹೇಳಿದ್ದೇ ಲೆಕ್ಕ. ಎಷ್ಟು ಜನ ಕೂರಬಹುದು ಅಂದರೆ ಅದೂ ಅವನು ಹೇಳಿದ್ದೇ. ಸೋರುತ್ತಾ ಅಂತ ಕೇಳಿದರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ: "ಒಂದ್ ಹನಿ ಸೋರಂಗಿಲ್ರಿ."

ನಾನಿರುವುದು ಗಂಗಾವತಿಯಲ್ಲಿ. ಚಳಿಗಾಲ ಬಂತೆಂದರೆ ಕ್ಯಾಮೆರಾ ಹಿಡಿದು ತುಂಗಭದ್ರಾ ಹಿನ್ನೀರಿನ ಕಡೆ ಹಕ್ಕಿ ನೋಡಲು ಹೋಗುವ ಚಟ. ಬಾತು, ಬಣ್ಣದ ಕೊಕ್ಕರೆ, ಅದೃಷ್ಟ ಚೆನ್ನಾಗಿದ್ದರೆ ಪಟ್ಟೆತಲೆ ಹೆಬ್ಬಾತು. ದಡದಿಂದ ತೆಗೆದ ಫೋಟೊದಲ್ಲಿ ಹಕ್ಕಿ ಯಾವುದು, ತೇಲುವ ಕಸ ಯಾವುದು ಗೊತ್ತಾಗಲ್ಲ. ಹಾಗಾಗಿ ಒಬ್ಬನೇ ಹುಟ್ಟು ಹಾಕಿಕೊಂಡು ಹೋಗುವಂಥ ಸಣ್ಣ ದೋಣಿ ಬೇಕಿತ್ತು. ಇಂಜಿನ್ ಬೇಡ, ಶಬ್ದ ಬೇಡ. ಕ್ಯಾನೂ ಸಿಕ್ಕರೆ ಸಾಕು ಅಂದುಕೊಂಡೆ. ಉದ್ದವಾಗಿ, ಕಿರಿದಾಗಿ, ಮೇಲೆ ತೆರೆದಿರುವ ದೋಣಿ. ಒಂದೇ ಅಲಗಿನ ಹುಟ್ಟು. ಮುಖ್ಯವಾಗಿ ಅದು ನೆಟ್ಟಗೆ ಹೋಗುತ್ತದೆ.

"ಹರಿಗೋಲಿನ ಸೀಮೆಯಾಗ ಇದ್ದು ಅದ್ಯಾಕ ಹುಡುಕ್ತಿ" ಅಂತ ಮನೆಯಲ್ಲೂ ಕೇಳಿದರು. ಹರಿಗೋಲು ಸುತ್ತುತ್ತದೆ, ಅದಕ್ಕೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್ ಕೂಡ ಇದನ್ನೇ ಬರೆದಿಟ್ಟಿದ್ದಾನೆ. ಬುಟ್ಟಿಯಂಥ ದುಂಡು ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಕೂರಬಹುದು, ಆದರೆ ಯಾವಾಗಲೂ ತಿರುಗುತ್ತಲೇ ಇರುತ್ತದೆ, ನೆಟ್ಟಗೆ ಹೋಗಲ್ಲ ಅಂತ. 500 ವರ್ಷ ಆಯಿತು, ಆ ಚಾಳಿ ಹಾಗೇ ಇದೆ. ನೀವು ಲೆನ್ಸ್ ಸರಿಮಾಡಿಕೊಳ್ಳುವಷ್ಟರಲ್ಲಿ ಹಕ್ಕಿ ನಿಮ್ಮ ಬೆನ್ನ ಹಿಂದೆ ಇರುತ್ತದೆ.

ಸರಿ, ಆನ್‌ಲೈನ್‌ನಲ್ಲಿ ಹುಡುಕಲು ಶುರು ಮಾಡಿದೆ. ಕ್ಯಾನೂ ಅಂತ ಹಾಕಿದರೆ ಬರುವುದೆಲ್ಲ ಕಯಾಕ್. ಮೇಲೆ ಮುಚ್ಚಿರುತ್ತದೆ, ಎರಡು ಕಡೆ ಅಲಗಿರುವ ಹುಟ್ಟು, ಕಾಲು ಒಳಗೆ ತೂರಿಸಿ ಕೂರಬೇಕು. ಮಾರುವವರಿಗೂ ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲ, ಗೊತ್ತಿದ್ದರೂ ಅವರಿಗೆ ಬೇಕಿಲ್ಲ. ಗಾಳಿ ತುಂಬುವ ರಬ್ಬರ್ ದೋಣಿಗೂ ಕ್ಯಾನೂ ಅಂತಲೇ ಹೆಸರು ಹಾಕಿದ್ದರು. ಬೆಂಗಳೂರು, ಗೋವಾ, ಉಡುಪಿ ಕಡೆಯ ಜಾಹೀರಾತೇ ಜಾಸ್ತಿ. ಫೋಟೊದಲ್ಲಿ ದೋಣಿ ಯಾವಾಗಲೂ ನೀರಿನ ಮೇಲೆ, ತಳ ಕಾಣಲ್ಲ. ತಳದ್ದೊಂದು ಫೋಟೊ ಕಳಿಸಿ ಅಂದರೆ ಮೂರು ದಿನ ಸುದ್ದಿಯಿಲ್ಲ, ಆಮೇಲೆ ಅದೇ ಹಳೇ ಫೋಟೊ ಇನ್ನೊಂದ್ಸಲ ಬರುತ್ತದೆ.

ಸಾಣಾಪುರದ ಹತ್ತಿರ ಒಂದು ಪ್ಲಾಸ್ಟಿಕ್ ದೋಣಿ ಇದೆ ಅಂತ ಗೊತ್ತಾಗಿ ನೋಡಲು ಹೋದೆ. ತುಂಗಭದ್ರೆಯ ನಡುಗಡ್ಡೆ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳನ್ನು 2020ರಲ್ಲಿ ತೆರವು ಮಾಡಿದಾಗ ಅಲ್ಲಿಂದ ಬಂದ ಮಾಲು ಅಂತ ಅದರ ಕಥೆ. ಕಥೆ ನಿಜವೋ ಸುಳ್ಳೋ, ದೋಣಿ ಮಾತ್ರ ಅಷ್ಟೂ ವರ್ಷ ಬಿಸಿಲಲ್ಲೇ ಬಿದ್ದಿತ್ತು. ಕೈಯಿಂದ ಉಜ್ಜಿದರೆ ಅಂಗೈಗೆ ಬಿಳಿ ಪುಡಿ. ಪಾಲಿಥಿನ್ ಮಾಲು ಬಿಸಿಲಿಗೆ ಹೀಗೆ ಪುಡಿ ಬಿಡಲು ಶುರುಮಾಡಿತು ಅಂದರೆ ಒಳಗೂ ಪೆಡಸಾಗಿದೆ ಅಂತ ಅರ್ಥ, ಕಲ್ಲಿಗೆ ಒಂದು ಏಟು ಬಿದ್ದರೆ ಬಿರಿಯುತ್ತದೆ. ಬಿರಿದರೆ ಅಂಟು ಹಿಡಿಯಲ್ಲ, ಪ್ಲಾಸ್ಟಿಕ್ ಬೆಸುಗೆಯೇ ಆಗಬೇಕು. ತಳದಲ್ಲಿ ಆಗಲೇ ಒಂದು ಬಿರುಕಿಗೆ ಎಂ-ಸೀಲ್ ಮೆತ್ತಿ ಮೇಲೆ ಸ್ಟಿಕ್ಕರ್ ಅಂಟಿಸಿದ್ದರು. ಉಗುರಿನಿಂದ ಎಬ್ಬಿಸಿದೆ, ಸ್ಟಿಕ್ಕರ್ ಎಂ-ಸೀಲ್ ಸಮೇತ ಕೈಗೆ ಬಂತು. ಮಾರುವ ಹುಡುಗ ನನ್ನನ್ನೇ ಗುರಾಯಿಸಿದ.

ಉಡುಪಿ ಕಡೆ ಫೈಬರ್‌ದು ಒಂದಿತ್ತು, ಅದು ನಿಜವಾದ ಕ್ಯಾನೂ, ಸುಮಾರು 15 ಅಡಿ. ಫೈಬರ್ ದೋಣಿಗೆ ನನ್ನ ಪರೀಕ್ಷೆ ಸುಲಭದ್ದು. ಒಂದು ನಾಣ್ಯ ತಗೊಂಡು ಉದ್ದಕ್ಕೂ ತಟ್ಟುತ್ತಾ ಹೋಗಬೇಕು. ಟಣ್ ಟಣ್ ಅಂತಿದ್ದದ್ದು ಒಂದು ಕಡೆ ಮಂಕಾಗಿ ಡಬ್ ಅಂದರೆ ಅಲ್ಲಿ ಪದರ ಬಿಟ್ಟುಕೊಂಡಿದೆ, ನೀರು ಒಳಸೇರಿರಬಹುದು. ಮಾಲೀಕರು ಒಳ್ಳೆಯವರು, ನಾನು ಕೇಳಿದ ಹಾಗೆ ವಿಡಿಯೊ ಕಾಲ್‌ನಲ್ಲೇ ತಟ್ಟಿ ತೋರಿಸಿದರು. ತರುವುದು ಹೇಗೆ ಅನ್ನೋದೇ ಪ್ರಶ್ನೆ. ಟಾಟಾ ಏಸ್‌ನ ತೊಟ್ಟಿ 7 ಅಡಿ ಚಿಲ್ಲರೆ, ದೋಣಿ ಅದರ ಎರಡು ಪಟ್ಟು. ಗಾಡಿ ಬಾಡಿಗೆ ವಿಚಾರಿಸಿದರೆ ಅದು ದೋಣಿಯ ಬೆಲೆಯನ್ನೇ ಮುಟ್ಟುತ್ತಿತ್ತು. ಕೊನೆಗೆ ನಮ್ಮೂರಿನ ಅಕ್ಕಿ ಲಾರಿ ಡ್ರೈವರ್ ಒಬ್ಬ, ಆ ಕಡೆ ಲೋಡ್ ಇಳಿಸಿ ಖಾಲಿ ಬರುವಾಗ ಹಾಕಿಕೊಂಡು ಬರ್ತೀನಿ ಅಂತ ಒಪ್ಪಿದ. ಖುಷಿಯಿಂದ ಫೋನ್ ಮಾಡಿದರೆ, "ಅಯ್ಯೋ, ನಿನ್ನೆ ಕೊಟ್ಟಾಯ್ತು ಮಾರಾಯ್ರೇ."

ಅಲ್ಲಿಗೆ ಕ್ಯಾನೂ ಆಸೆ ಪಕ್ಕಕ್ಕಿಟ್ಟು ಹರಿಗೋಲಿಗೇ ಬಂದೆ. ಇನ್ನು ಸುಲಭ ಅನ್ನಬೇಡಿ.

ಬಿದಿರನ್ನು ಸೀಳಿ, ಪಟ್ಟಿ ಮಾಡಿ, ಬುಟ್ಟಿ ಹೆಣೆದು, ಅಂಚಿಗೆ ದಪ್ಪ ಕಟ್ಟು ಕಟ್ಟಿ, ಹೊರಗೆ ಶೀಟು ಹೊಲಿದು ಡಾಂಬರು ಬಳಿಯುತ್ತಾರೆ. ಹಿಂದೆ ಚರ್ಮ ಇತ್ತು, ಈಗ ಗೊಬ್ಬರದ ಚೀಲ ಇಲ್ಲವೇ ತಾಡಪತ್ರಿ. ಜೀವ ಇರೋದು ಬಿದಿರಿನಲ್ಲಿ. ಶೀಟು, ಡಾಂಬರು ಬಟ್ಟೆ ಇದ್ದ ಹಾಗೆ, ಹರಿದರೆ ಬದಲಾಯಿಸಬಹುದು. ಆದರೆ ಮಾರುವವರು ತೋರಿಸುವುದು ಬಟ್ಟೆ ಮಾತ್ರ. ನಾನು ನೋಡಿದ ಹಳೇ ಹರಿಗೋಲುಗಳಲ್ಲಿ ಮುಕ್ಕಾಲುಪಾಲು ನನಗೆ ತೋರಿಸುವ ಹಿಂದಿನ ವಾರವೇ ಡಾಂಬರು ಕಂಡಿದ್ದವು. ಕಪ್ಪಗೆ ಮಿರಮಿರ ಮಿಂಚುತ್ತಿರುತ್ತವೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಹಾಗೆ ಮಿಂಚುವುದು ಕಂಡರೆ ನನಗೆ ಅನುಮಾನ. ಹಳೇದು ಹಳೇದಾಗಿ ಕಾಣಲಿ ಬಿಡಿ, ಅದರಲ್ಲಿ ನಾಚಿಕೆ ಏನಿದೆ?

ಬೆಲೆಯ ಆಟ ಬೇರೆ. ಫೋನಲ್ಲಿ 8,000 ಅಂದವನು ನನ್ನ ಕತ್ತಿನಲ್ಲಿ ಕ್ಯಾಮೆರಾ ನೋಡಿದ ಕೂಡಲೇ 12,000 ಅಂದ. ಟೂರಿಸ್ಟ್ ಅಂದುಕೊಂಡನೋ ಏನೋ. ಆಮೇಲೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು, ಲುಂಗಿ ಉಟ್ಟುಕೊಂಡು ಹೋಗಲು ಶುರು ಮಾಡಿದೆ. ಇನ್ನೊಬ್ಬರದ್ದು ಮಾತೇ ಬಂಡವಾಳ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿ ನೀರು ಬಂತಲ್ವಾ, "ಆ ನೀರು ಕಂಡದ್ರಿ ಇದು, ಏನೂ ಆಗಿಲ್ಲ" ಅಂದರು. ಏನೂ ಆಗಿಲ್ಲ ಅಂದರೆ ಅಂಚಿನ ಕಟ್ಟು ಒಂದು ಕಡೆ ಪೂರ್ತಿ ಬಿಚ್ಚಿಕೊಂಡು ಅಂಚಿನ ಸುತ್ತಿನ ಬಳೆ ಮುರಿದಿತ್ತು ಅಷ್ಟೇ. ನೈಲಾನ್ ಹಗ್ಗ ಸುತ್ತಿ ಮರೆಮಾಡಿದ್ದರು.

ಫೈಬರ್ ಹರಿಗೋಲನ್ನೂ ನೋಡಿದೆ. ಗಟ್ಟಿ ಮಾಲು, ಡಾಂಬರಿನ ರಗಳೆ ಇಲ್ಲ. ಆದರೆ ಹೊರಮೈಯಲ್ಲಿ ಒಂದು ಮೊಳ ಅಗಲದ ಜಾಗವನ್ನು ಸ್ಯಾಂಡ್‌ಪೇಪರ್ ಹಾಕಿ ತಿಕ್ಕಿದ್ದರು. ಓರೆಯಾಗಿ ಬೆಳಕಿಗೆ ಹಿಡಿದು ನೋಡಿದರೆ ಅಕ್ಷರದ ಗುರುತು ಹಾಗೇ ಇತ್ತು: ಮೀನುಗಾರರಿಗೆ ಸಹಾಯಧನದಲ್ಲಿ ಕೊಟ್ಟದ್ದು. ಯಾರಿಗೆ ಕೊಟ್ಟದ್ದು, ಇವನ ಕೈಗೆ ಹೇಗೆ ಬಂತು ಅಂತ ಕೇಳಿದೆ. ಮಾತು ತೇಲಿಸಿದ. ನಾನು ಚಹಾ ಕುಡಿದು ಎದ್ದು ಬಂದೆ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಲಿಂಗಸುಗೂರು ಕಡೆ ಕೃಷ್ಣಾ ನದಿಯ ಗಡ್ಡಿಗಳಲ್ಲಿ ಸಿಗಬಹುದು ಅಂತ ಯಾರೋ ಹೇಳಿದರು. ಅಲ್ಲಿಗೆ ಹೋಗಿ ಕೇಳುವುದಕ್ಕೇ ಮುಜುಗರ ಆಯಿತು. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಗಡ್ಡಿಯವರ ದಾರಿಯೇ ಬಂದ್. ಅಂಥ ಕಡೆ ಹರಿಗೋಲು ಅಂದರೆ ಆಸ್ಪತ್ರೆಗೆ ಹೋಗುವ ದಾರಿ, ರೇಷನ್ ತರುವ ದಾರಿ. ಹಕ್ಕಿ ಫೋಟೊ ತೆಗೆಯೋಕೆ ಕೊಡ್ರಿ ಅಂತ ಅವರ ಮುಂದೆ ನಿಲ್ಲಲು ಮನಸ್ಸು ಬರಲಿಲ್ಲ.

ಯಾವ ಕಾಲದಲ್ಲಿ ಹುಡುಕಬೇಕು ಅನ್ನೋದೂ ಒಂದು ಲೆಕ್ಕ. ಡಿಸೆಂಬರ್‌ನಲ್ಲಿ ಆನೆಗೊಂದಿ, ಹಂಪಿ ಕಡೆ ಪ್ರವಾಸಿಗರು ತುಂಬಿರುತ್ತಾರೆ, ಯಾರೂ ಕೊಡಲ್ಲ, ಕೊಟ್ಟರೂ ಬಾಯಿಗೆ ಬಂದ ರೇಟು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿಗೋಲು ಇಳಿಸಬೇಡಿ ಅಂತ ಆದೇಶ ಬರುತ್ತದೆ, ಆಗ ಎಲ್ಲ ದಡದಲ್ಲಿ ಬೋರಲು ಬಿದ್ದಿರುತ್ತವೆ, ಮಾತಾಡಲು ಮಾಲೀಕರಿಗೂ ಪುರುಸೊತ್ತು ಇರುತ್ತದೆ. ನಾನು ಕೊಂಡಿದ್ದು ಆಗಲೇ. ತೊಂದರೆ ಏನೆಂದರೆ ನೀರಿಗೆ ಇಳಿಸಿ ನೋಡುವ ಹಾಗಿಲ್ಲ. ಒಬ್ಬ ಭೂಪ "ಕಾಲುವೆಯಾಗ ಬಿಟ್ಟು ನೋಡೋಣ ಬರ್ರಿ" ಅಂದ. ಎಡದಂಡೆ ಕಾಲುವೆ ತುಂಬಿ ಹರಿಯುವಾಗ ಅದರ ಸೆಳೆತ ನೋಡಿದವರಾರೂ ಆ ಮಾತು ಆಡಲ್ಲ. ಬಿದ್ದರೆ ಹತ್ತಲು ದಡವೇ ಸಿಗಲ್ಲ.

ಅದಕ್ಕೇ ನೆಲದ ಮೇಲೆಯೇ ನೋಡುವುದನ್ನು ಕಲಿತೆ. ಬೋರಲು ಹಾಕಿದ ಹರಿಗೋಲಿನ ಒಂದು ಅಂಚಿಗೆ ಕಲ್ಲು ಕೊಟ್ಟು ಎತ್ತಿ, ಮಧ್ಯಾಹ್ನದ ಬಿಸಿಲಲ್ಲಿ ಒಳಗೆ ತೂರಿ ಕೂತುಕೊಳ್ಳಬೇಕು. ಒಳಗೆ ಸೆಕೆ, ಡಾಂಬರಿನ ವಾಸನೆ, ಮೀನಿನ ವಾಸನೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಸುಮ್ನೆ ಕೂರಿ. ಆಮೇಲೆ ಹೆಣಿಗೆಯ ಸಂದಿಯಲ್ಲಿ ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ಕಾಣುತ್ತದೆ. ಅವೇ ತೂತು. ನಾಲ್ಕೈದು ಇದ್ದರೆ ಚಿಂತೆಯಿಲ್ಲ, ಒಂದೇ ಕಡೆ ಗುಂಪಾಗಿದ್ದರೆ ಶೀಟು ಹೋಗಿದೆ. ಬೆಳಕೇ ಕಾಣದಿದ್ದರೆ ಖುಷಿಪಡಬೇಡಿ, ಹೊಸ ಡಾಂಬರು ಮುಚ್ಚಿರಬಹುದು, ಒಳಗಿನಿಂದ ಶೀಟಿನ ತೇಪೆ ಲೆಕ್ಕ ಹಾಕಿ. ಆಮೇಲೆ ಬಿದಿರು. ನಡುತಳದ ಪಟ್ಟಿಗಳನ್ನು ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗಾಗಬಾರದು, ಯಾಕೆಂದರೆ ಒಳಗೆ ನಿಂತ ನೀರು ಕೊಳೆಸುವುದು ಅಲ್ಲಿಂದಲೇ. ಅಂಚಿನ ಕಟ್ಟನ್ನು ಕಲ್ಲಿನಿಂದ ಮೆಲ್ಲಗೆ ಕುಟ್ಟಿ. ಹಳದಿ ಪುಡಿ ಉದುರಿದರೆ ಕುಟ್ಟೆ ಹುಳ ಹಿಡಿದಿದೆ, ಅಲ್ಲಿಗೆ ಮಾತು ಮುಗಿಸಿ. ಕೊನೆಗೆ ಹರಿಗೋಲನ್ನು ಮೂರು ಕಲ್ಲಿನ ಮೇಲೆ ನೆಟ್ಟಗೆ ಇಟ್ಟು ಒಳಗೆ ನಾಲ್ಕು ಕೊಡ ನೀರು ಸುರಿದು ಬೀಡಿ ಸೇದುವಷ್ಟು ಹೊತ್ತು ಕಾಯಬೇಕು. ಕೆಳಗೆ ಎಲ್ಲಿ ಒದ್ದೆಯಾಗುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎಷ್ಟು ಗುರುತೋ ಅಷ್ಟು ಚೌಕಾಸಿ.

ಇಷ್ಟಕ್ಕೂ ಒಪ್ಪುವವರೇ ಕಡಿಮೆ. "ಒಳಗ ಹೊಕ್ಕು ನೋಡಾಕ ಅದೇನು ಮನೀನೇನ್ರಿ" ಅಂತ ರೇಗಿದವರಿದ್ದಾರೆ.

ರೇಗದೇ ಇದ್ದವರು ನದಿದಂಡೆಯ ಒಂದು ಹಳ್ಳಿಯ ಹಿರಿಯರು. ಅವರದ್ದು ನೋಡಲು ದರಿದ್ರ. ಡಾಂಬರು ಬಿಳಿಚಿಕೊಂಡು ಬಿರುಕು ಬಿಟ್ಟಿತ್ತು, ಒಂದು ಕಡೆ ಶೀಟು ಜೋತಾಡುತ್ತಿತ್ತು.

"ಕಾಕಾ, ಒಳಗ ಹೋಗಿ ನೋಡ್ಲೇನ್ರಿ?"

"ನೋಡಪಾ. ಮದ್ಲು ಕೋಲು ಆಡ್ಸು, ಹಾವು ಗೀವು ಇದ್ದಾವು."

ಒಳಗೆ ಕೂತರೆ ಮೇಲೆಲ್ಲ ಬೆಳಕಿನ ಚುಕ್ಕಿ. ಆದರೆ ಬಿದಿರು ಒತ್ತಿದಲ್ಲೆಲ್ಲ ಗಟ್ಟಿ. ಹೊಗೆ ಹಿಡಿದ ಬಣ್ಣ ಬಂದಿತ್ತು. ಮಳೆ ಬಂದಾಗೆಲ್ಲ ದನದ ಕೊಟ್ಟಿಗೆಯಲ್ಲಿ ಒರಗಿಸಿ ಇಡ್ತಿದ್ದೆ, ಪಕ್ಕದಲ್ಲೇ ನೀರೊಲೆ ಅಂದರು. ಎಲ್ಲೆಲ್ಲಿ ಸೋರುತ್ತದೆ ಅಂತ ಕೇಳುವ ಮೊದಲೇ ತಾವೇ ಬೆರಳಿಟ್ಟು ತೋರಿಸಿದರು. ಅಷ್ಟೆಲ್ಲ ಮಾರಾಟಗಾರರನ್ನು ಕಂಡ ಮೇಲೆ ಸೋರುತ್ತದೆ ಅಂದ ಮೊದಲ ಮನುಷ್ಯ. ನಾನು ಜಾಸ್ತಿ ಚೌಕಾಸಿ ಮಾಡಲಿಲ್ಲ. ಅವರು ಮಾತ್ರ ದುಡ್ಡು ಎಣಿಸಿಕೊಂಡ ಮೇಲೆ "ಹುಟ್ಟಿನ ರೇಟು ಬ್ಯಾರೆ" ಅಂದರು. ಅದಕ್ಕೂ ಕೊಟ್ಟೆ.

ತರುವಾಗ ಮತ್ತೆ ಟಾಟಾ ಏಸ್ ತಕರಾರು. ಹರಿಗೋಲು 6 ಅಡಿ ಅಗಲ, ತೊಟ್ಟಿಯ ಅಗಲ 5 ಅಡಿಯೂ ಇಲ್ಲ. ಓರೆಯಾಗಿ ನಿಲ್ಲಿಸಿ ಹಗ್ಗ ಕಟ್ಟಿ ತಂದೆವು, ಗಾಳಿಗೆ ಗಾಡಿ ಎಳೆಯುತ್ತಿದೆ ಅಂತ ಡ್ರೈವರ್ ದಾರಿಯುದ್ದಕ್ಕೂ ಗೊಣಗಿದ.

ಹಳೇ ಶೀಟು ಪೂರ್ತಿ ಕಿತ್ತು, ಬಿದಿರನ್ನು ಎರಡು ದಿನ ಒಣಗಿಸಿ, ಹೊಸ ತಾಡಪತ್ರಿ ಅಂಚಿಗೆ ನೈಲಾನ್ ದಾರದಲ್ಲಿ ಹೊಲಿದೆ. ಡಾಂಬರು ಕಾಯಿಸುವಾಗ ಎಚ್ಚರ. ತೀರಾ ಕಾದದ್ದನ್ನು ಬಳಿದರೆ ಶೀಟು ಸುಟ್ಟು ಮುದುಡಿಕೊಳ್ಳುತ್ತದೆ, ಆರಿದ್ದನ್ನು ಬಳಿದರೆ ಗಂಟುಗಂಟಾಗಿ ನಿಂತು ಆಮೇಲೆ ಕಳಚುತ್ತದೆ. ತೆಳ್ಳಗೆ ಎರಡು ಸಲ ಬಳಿಯುವುದು ಒಳ್ಳೆಯದು. ಅಂಟು ಹೋಗಲಿ ಅಂತ ಮೇಲೆ ಒಲೆಬೂದಿ ಎರಚು ಅಂದಿದ್ದರು ಕಾಕಾ, ಹಾಗೇ ಮಾಡಿದೆ. ಈಗ ಹಿನ್ನೀರಿನಲ್ಲಿ ಗಾಳಿ ಇಲ್ಲದ ಬೆಳಗ್ಗೆ ಮಾತ್ರ ಇಳಿಸುತ್ತೇನೆ, ಅದೂ ಅಲ್ಲಿನವರನ್ನು ವಿಚಾರಿಸಿಕೊಂಡು. ಅಣೆಕಟ್ಟಿನ ಕೆಳಗೆ ಕಂಪ್ಲಿವರೆಗಿನ 34 ಕಿ.ಮೀ. ನದಿ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು, ಆ ಕಡೆ ಒಯ್ಯಲ್ಲ. ಸುತ್ತುವುದೇನೂ ನಿಂತಿಲ್ಲ. ಫೋಟೊ ತೆಗೆಯುವಾಗ ಹಗ್ಗಕ್ಕೆ ಕಲ್ಲು ಕಟ್ಟಿ ನೀರಿಗೆ ಬಿಡುತ್ತೇನೆ, ಸ್ವಲ್ಪ ಹೊತ್ತು ಮಾತು ಕೇಳುತ್ತದೆ.

ಲೈಫ್ ಜಾಕೆಟ್ ಮಾತ್ರ ಹೊಸದೇ ತಗೊಳ್ಳಿ. ಹರಿಗೋಲಿನ ಜೊತೆ ಫ್ರೀ ಅಂತ ಒಬ್ಬ ಎರಡು ಹಳೇ ಜಾಕೆಟ್ ಕೊಡಲು ಬಂದಿದ್ದ. ಒಳಗಿನ ಫೋಮ್ ಒತ್ತಿದರೆ ಒತ್ತಿದಲ್ಲೇ ಉಳಿಯುತ್ತಿತ್ತು, ಬಿಸಿಲಿಗೆ ಬಣ್ಣ ಬಿಟ್ಟ ಪಟ್ಟಿ ಕೈಯಲ್ಲಿ ಎಳೆದರೆ ಹರಿಯಿತು. ಅದನ್ನು ಹಾಕಿಕೊಂಡು ನೀರಿಗೆ ಬೀಳುವುದೂ ಒಂದೇ, ಹಾಗೇ ಬೀಳುವುದೂ ಒಂದೇ. ಹರಿಗೋಲಿನಲ್ಲಿ ಉಳಿಸಿದ ದುಡ್ಡಿನಲ್ಲಿ ಒಂದು ಒಳ್ಳೆ ಜಾಕೆಟ್ ಬರುತ್ತದೆ.