ಇಂಜಿನ್ ಇಳಿಸುವ ಮೊದಲು ಬೆಲ್ಟ್ ಕಳಚಿ ನೋಡಿದೆ

ನನ್ನದು 1997ರ ಮಾರುತಿ 800, ಕಾರ್ಬುರೇಟರ್ ಮಾಡೆಲ್. 796 ಸಿಸಿ, ಮೂರು ಸಿಲಿಂಡರ್. ಮೊದಲಿಂದಲೂ ಸ್ವಲ್ಪ ಗಲಾಟೆ ಗಾಡಿ, ಹೊಸ ಸದ್ದು ಸೇರಿಕೊಂಡರೆ ಬೇಗ ಗೊತ್ತಾಗುವುದಿಲ್ಲ. ಈ ಸಲ ಗೊತ್ತಾಯಿತು. ಸ್ಟಾರ್ಟ್ ಮಾಡಿದರೆ ಗೊರ್ ಅಂತ ಒಂದು ದಪ್ಪ ಸದ್ದು, ಅದರ ಮೇಲೆ ಟಿಕ್ ಟಿಕ್ ಅಂತ ಇನ್ನೊಂದು. ಗ್ಯಾರೇಜಿನವರು ಬಾನೆಟ್ ಎತ್ತಿ, ಒಂದೆರಡು ಸಲ ಆಕ್ಸಿಲರೇಟರ್ ಎಳೆದು, "ಬೇರಿಂಗ್ ಹೋಗಿದೆ ಸಾರ್, ಇಂಜಿನ್ ಇಳಿಸಬೇಕು" ಅಂದರು. ಬೋರು, ಪಿಸ್ಟನ್ನು, ರಿಂಗು ಅಂತ ಸೇರಿಸಿ ಅವರು ಹೇಳಿದ ದುಡ್ಡಿಗೆ ಇನ್ನೊಂದು ಹಳೇ 800 ಬರುತ್ತಿತ್ತೇನೋ. ಯೋಚನೆ ಮಾಡಿ ಹೇಳ್ತೀನಿ ಅಂತ ಗಾಡಿ ವಾಪಸ್ ತಂದೆ.

ಮೊದಲು ನೋಡಿದ್ದು ಆಯಿಲ್. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಆಯಿಲ್ ಕೆಳಗಿಳಿಯುವವರೆಗೆ ಕಾದು ಡಿಪ್‌ಸ್ಟಿಕ್ ಎಳೆದೆ. ಮಟ್ಟ ಸರಿ ಇತ್ತು. ಆಯಿಲ್ ಕಡಿಮೆಯಿದ್ದರೆ ಒಳಗೆ ಎಲ್ಲವೂ ಸದ್ದು ಮಾಡುತ್ತವೆ, ಆಮೇಲೆ ಯಾವ ಪರೀಕ್ಷೆಗೂ ಅರ್ಥವಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟು ಓಡುವಾಗ ಮಿನುಗುತ್ತಿದ್ದರಂತೂ ಇದ್ಯಾವುದನ್ನೂ ಮಾಡಬೇಡಿ, ಅಲ್ಲೇ ಆಫ್ ಮಾಡಿ.

ಆಮೇಲೆ ಚಾಮುಂಡಿ ಬೆಟ್ಟ. ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಹತ್ತಿರದ ಬೇರಿಂಗ್ ಸವೆದಿದ್ದರೆ ಭಾರ ಬಿದ್ದಾಗ ಸದ್ದು ಜೋರಾಗಬೇಕು, ಭಾರ ಇಳಿದಾಗ ಬದಲಾಗಬೇಕು. 800ಕ್ಕೆ ಆರ್‌ಪಿಎಂ ಮೀಟರ್ ಇಲ್ಲ, ಆದರೆ ಅದೇ ಗೇರು, ಅದೇ ಸ್ಪೀಡು ಅಂದರೆ ಇಂಜಿನ್ ಸುತ್ತುವುದೂ ಅಷ್ಟೇ ತಾನೆ? ಬೆಳಿಗ್ಗೆ ಬೇಗ, ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ, ಮೂರನೇ ಗೇರಿನಲ್ಲಿ ಹತ್ತಿದೆ. ಅದೇ ಗೇರು, ಅದೇ ಸ್ಪೀಡಿನಲ್ಲಿ ಇಳಿದೆ. ತಡೆಗೋಡೆ ಇರುವ ಕಡೆ ಕಿಟಕಿ ಇಳಿಸಿದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಚೆನ್ನಾಗಿ ಕೇಳಿಸುತ್ತದೆ. ಹತ್ತುವಾಗಲೂ ಗೊರ್, ಇಳಿಯುವಾಗಲೂ ಅಷ್ಟೇ ಗೊರ್. ಭಾರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನನ್ನ ಅನುಮಾನ ಅಲ್ಲಿಂದ ಇಂಜಿನ್ ಬಿಟ್ಟು ಹೊರಗೆ ಬಂತು.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಇಂಜಿನ್ ಆಫ್ ಮಾಡಿ, ಒಂದು ಪ್ಲಗ್ಗಿನ ವೈರ್ ತೆಗೆದು, ಅದರ ತುದಿಗೆ ಬೇರೊಂದು ಹಳೇ ಪ್ಲಗ್ ಸಿಕ್ಕಿಸಿ ಇಂಜಿನ್ ಕಬ್ಬಿಣಕ್ಕೆ ತಾಗುವಂತೆ ಕಟ್ಟಿ, ಮತ್ತೆ ಸ್ಟಾರ್ಟ್. ಒಂದೊಂದೇ ಸಿಲಿಂಡರ್ ಹೀಗೆ ಬಿಟ್ಟು ನೋಡುವುದು. ಬಡಿಯುತ್ತಿರುವುದು ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಆದರೆ ಆ ಸಿಲಿಂಡರ್ ಬಿಟ್ಟಾಗ ಬಡಿತ ತಗ್ಗುತ್ತದೆ. ಮೂರರಲ್ಲೂ ಏನೂ ಬದಲಾಗಲಿಲ್ಲ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಬರುವ) ಗಾಡಿಗಳಲ್ಲಿ ಇದನ್ನು ಮಾಡಲು ಹೋಗಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಯ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ.

ಈಗ ಬೆಲ್ಟ್. ಇದರಲ್ಲಿ ಒಂದೇ ಫ್ಯಾನ್ ಬೆಲ್ಟು ಕರೆಂಟ್ ಹುಟ್ಟಿಸುವ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುತ್ತದೆ. ತಣ್ಣಗಿರುವಾಗ ಆಲ್ಟರ್ನೇಟರ್ ಬೋಲ್ಟ್ ಸಡಿಲ ಮಾಡಿ ಬೆಲ್ಟ್ ಕಳಚಿದೆ. ಸ್ಟಾರ್ಟ್ ಮಾಡಿದೆ. ಗೊರ್ ಇಲ್ಲ! ಟಿಕ್ ಟಿಕ್ ಮಾತ್ರ ಉಳಿದಿತ್ತು. ನೀರು ಓಡಾಡುವುದಿಲ್ಲವಾದ್ದರಿಂದ ಅರ್ಧ ನಿಮಿಷದಲ್ಲೇ ಆಫ್ ಮಾಡಿಬಿಟ್ಟೆ.

ಎರಡರಲ್ಲಿ ಯಾವುದು ಅಂತ ತಿಳಿಯಲು ಕೈಯೇ ಸಾಕು. ವಾಟರ್ ಪಂಪಿನ ಪುಲ್ಲಿ ಹಿಡಿದು ಅಲ್ಲಾಡಿಸಿದೆ, ಆಟ ಇಲ್ಲ. ತಿರುಗಿಸಿದರೆ ನುಣ್ಣಗೆ ತಿರುಗಿತು, ಸುತ್ತ ಕೂಲೆಂಟ್ ಸೋರಿದ ಕಲೆಯೂ ಇಲ್ಲ. ಆಲ್ಟರ್ನೇಟರಿನದು ತಿರುಗಿಸಿದರೆ ಬೆರಳಿಗೇ ಗೊತ್ತಾಗುತ್ತಿತ್ತು, ಒಳಗೆ ಮರಳು ಹಾಕಿದ ಹಾಗೆ ಗರಗರ. ಖಾತ್ರಿಗೆ ಬೆಲ್ಟ್ ಮತ್ತೆ ಹಾಕಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರ್ ಮೈಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟೆ. ತೋಳು, ಶಾಲು ಬೆಲ್ಟಿಗೆ ಸಿಗದ ಹಾಗೆ ನೋಡಿಕೊಳ್ಳಿ. ಹೆಡ್‌ಲೈಟ್ ಹಾಕಿದಾಗ ಸದ್ದು ಇನ್ನೂ ಜಾಸ್ತಿಯಾಯಿತು, ಯಾಕೆಂದರೆ ಕರೆಂಟ್ ಕೇಳಿದಷ್ಟೂ ಆಲ್ಟರ್ನೇಟರ್ ಮೇಲೆ ಭಾರ ಜಾಸ್ತಿ. ಬೇರಿಂಗ್ ಹೋಗಿದೆ ಅಂದದ್ದು ಸರಿಯೇ ಇತ್ತು, ಯಾವ ಬೇರಿಂಗ್ ಅನ್ನುವುದು ಮಾತ್ರ ಬೇರೆ.

ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಆಲ್ಟರ್ನೇಟರ್ ಬಿಚ್ಚಿ ಎರಡೂ ಬೇರಿಂಗ್ ಬದಲಾಯಿಸಿದರು. ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಲು ಹೇಳಿ. ಕೂಲಿ, ಸಾಮಾನು ಸೇರಿ ಇಂಜಿನ್ ಕೆಲಸಕ್ಕೆ ಕೇಳಿದ್ದರ ಹತ್ತಿರಕ್ಕೂ ಹೋಗಲಿಲ್ಲ.

ಉಳಿದ ಟಿಕ್ ಟಿಕ್, ವಾಲ್ವುಗಳನ್ನು ಒತ್ತಿ ತೆರೆಯುವ ಟ್ಯಾಪೆಟ್‌ದು. ಸ್ಕ್ರೂಡ್ರೈವರ್ ವಾಲ್ವ್ ಕವರ್ ಮೇಲಿಟ್ಟರೆ ಅಲ್ಲೇ ಸ್ಪಷ್ಟ. ಟ್ಯಾಪೆಟ್ ಆಡಿಸುವ ಕ್ಯಾಮ್‌ಶಾಫ್ಟ್ ಇಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಈ ಸದ್ದೂ ನಿಧಾನ. ಇಂಜಿನ್ನಿನಿಂದ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರಿದರೂ ಹೀಗೇ ಟಿಕ್ ಅನ್ನುತ್ತದೆ, ಆದರೆ ಅದು ಬಿಸಿಯಾದ ಮೇಲೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಗ್ಯಾಸ್ಕೆಟ್ ಹತ್ತಿರ ಕಪ್ಪು ಮಸಿಯೂ ಕಾಣುತ್ತದೆ. ನನ್ನಲ್ಲಿ ಮಸಿ ಇರಲಿಲ್ಲ. ಸದ್ದು ಪೂರ್ತಿ ಹೋಗಲಿ ಅಂತ ಟ್ಯಾಪೆಟ್ ಬಿಗಿ ಮಾಡಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಟ್ಯಾಪೆಟ್ಟಿಗೂ ವಾಲ್ವಿಗೂ ನಡುವಿನ ಗ್ಯಾಪ್ ಕಡಿಮೆಯಾದರೆ ವಾಲ್ವ್ ಸರಿಯಾಗಿ ಕೂರದೆ ಸುಟ್ಟುಹೋಗುತ್ತದೆ, ಸ್ವಲ್ಪ ಟಿಕ್ ಇರುವುದೇ ವಾಸಿ. ಮುಂದಿನ ಆಯಿಲ್ ಚೇಂಜ್ ಜೊತೆ ಫೀಲರ್ ಗೇಜ್ ಇಟ್ಟು ಅಳೆದು ಸೆಟ್ ಮಾಡಿಸುತ್ತೇನೆ. ಇಂಜಿನ್ ತಣ್ಣಗಿದ್ದಾಗಿನ ಅಳತೆಗೇ ಮಾಡಿಸಬೇಕು, ಅದಕ್ಕೆ ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬರುವುದು ಒಳ್ಳೆಯದು.